ಕೆಂಪು ದಾರದ ಗುಂಡಿ

“ಇದಕ್ಕೆ ಮ್ಯಾಚ್ ಆಗೋ ಹಾಗೆ ನನಗೊಂದು ಗೌನ್ ಹೊಲಿದುಕೊಡ್ತೀರಾ ಅಕ್ಕಾ? ಮದುವೆ ಆದ ತಕ್ಷಣ ಹನಿಮೂನ್‌ಗೆ ದ್ವೀಪಕ್ಕೆ ಹೋಗ್ತಿದ್ದೀವಿ,” ಎಂದು ಆ ಹುಡುಗಿ ತಾನು ಮದುವೆಯಾಗಲಿರುವವನ ಅಂಗಿ ತೆಗೆದು ಟೇಬಲ್ ಮೇಲೆ ಹರಡಿದಳು.

ಕಡಲಿನ ನೀಲಿ ಬಟ್ಟೆ, ಮೈತುಂಬ ಬಿಳಿ ಎಲೆಗಳು. ಹೊಲಿಗೆಯಂಗಡಿಯ ಸೂಜಿ ಅದನ್ನು ಹತ್ತಿರಕ್ಕೆಳೆದುಕೊಂಡಳು. ಕೊನೆಯ ಗುಂಡಿಯನ್ನು ತಿರುಗಿಸಿ ಹಿಂಭಾಗ ನೋಡಿದಳು. ಕೆಂಪು ದಾರವೇ.

ಅವಳಿಗೆ ಸೂಜಿ ಎಂದು ಹೆಸರಿಟ್ಟವನು ಹಿಂದಿನ ಬೀದಿಯ ಕನ್ನಡಕದಂಗಡಿಯವನು. ಗಿರಾಕಿಗಳ ಬಟ್ಟೆಗೆ ಅವಳು ಬಟ್ಟೆಯ ಬಣ್ಣದ ದಾರವನ್ನೇ ಹಾಕುವವಳು. ತನ್ನವರು ಎಂದುಕೊಂಡವರ ಅಂಗಿಗೆ ಮಾತ್ರ ಕೊನೆಯ ಗುಂಡಿಗೆ ಕೆಂಪು ದಾರ. ಮೊದಲು ಅಪ್ಪನಿಗೆ ಹಾಕುತ್ತಿದ್ದಳು. ಅಪ್ಪ ಹೋದ ಮೇಲೆ ಇವನೊಬ್ಬನಿಗೇ.

ಎಷ್ಟು ಸಂಜೆಗಳು ಅವನು ಇಸ್ತ್ರಿ ಟೇಬಲಿನ ಅಂಚಿಗೆ ಕೂತು ಮೊಬೈಲಿನಲ್ಲಿ ಆ ದ್ವೀಪ ತೋರಿಸಿದ್ದ! ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು, ಕಿಟಕಿ ತೆಗೆದರೆ ಕಾಲಡಿಯಲ್ಲೇ ಮೀನು. ಯಾವ ಮನೆ, ಯಾವ ಕಿಟಕಿ ಎಂದು ಇಬ್ಬರೂ ಜಗಳವಾಡಿ ಗೊತ್ತುಮಾಡಿದ್ದರು.

“ನನಗೆ ಈಜು ಬರಲ್ಲ ಕಣೋ.”

“ಮೊಣಕಾಲುದ್ದ ನೀರಿಗೆ ಈಜು ಯಾಕೆ? ನನ್ನ ಕೈ ಹಿಡ್ಕೋ.”

“ಆಮೇಲೆ ನೀನು ಬಿಟ್ಟುಬಿಟ್ರೆ?”

“ನೀನು ಹೊಲಿದದ್ದು ಯಾವತ್ತಾದ್ರೂ ಬಿಚ್ಚಿದೆಯಾ, ಸೂಜಿ?” ಎಂದು ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದ. ಆ ನೋಟಕ್ಕೆ ಅವಳ ಕಾಲು ಮೆಷಿನ್ ತುಳಿಯುವುದನ್ನೇ ಮರೆಯುತ್ತಿತ್ತು.

ಆಮೇಲೆ ‘ಅಂಗಡಿ ರಿಪೇರಿ ಇದೆ, ಮುಂದಿನ ವರ್ಷ ಹೋಗೋಣ’ ಎಂದ. ಅವಳು ನಂಬಿದಳು.

“ಈ ಅಂಗಿ ಎಲ್ಲಿ ಹೊಲಿಸಿದ್ದಂತೆ?” ಎಂದು ಈಗ ಹುಡುಗಿಯನ್ನು ಕೇಳಿದಳು.

“ಕೇಳಿದ್ದಕ್ಕೆ ರೆಡಿಮೇಡ್ ಅಂದ್ರು.”

ಅವನು ಬೇರೆಯವಳನ್ನು ಮದುವೆಯಾಗುವುದಕ್ಕಿಂತ ಆ ಮಾತೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಹುಡುಗಿ ಅಳತೆ ಕೊಟ್ಟು, ಬಣ್ಣ ಹೊಂದಿಸಲೆಂದು ಅಂಗಿಯನ್ನು ಅಲ್ಲೇ ಬಿಟ್ಟು ಹೋದ ಮೇಲೆ, ಒಳಗೆ ಅಂಚು ಹೊಲಿಯುತ್ತಿದ್ದ ಚಿಕ್ಕಮ್ಮ ಎದ್ದು ಬಂದರು. “ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಬಡ್ಕೊಂಡೆ. ಆ ಅಂಗಿಗೆ ಕತ್ತರಿ ಹಾಕು.”

“ಬಟ್ಟೆ ಏನು ಮಾಡಿತು ಚಿಕ್ಕಮ್ಮಾ?” ಎಂದ ಸೂಜಿ, ಅತ್ತುಕೊಂಡೇ ಗೌನ್ ಕತ್ತರಿಸಿದಳು. ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ.

ಗೌನ್ ಒಯ್ಯಲು ಹುಡುಗಿ ಅವನನ್ನೂ ಕರೆತಂದಳು. ಎಲ್ಲಿಗೆ ಎಂದು ಹೇಳಿರಲಿಲ್ಲವೇನೋ, ಬಾಗಿಲಲ್ಲಿ ಅವನ ಮುಖ ಬಿಳಿಚಿತು. ಹುಡುಗಿ ಗೌನ್ ಹಾಕಿ ನೋಡಲು ಪರದೆಯ ಹಿಂದೆ ಹೋದಳು.

“ಸೂಜಿ, ಹೇಳ್ಬೇಕು ಅಂತಲೇ ಇದ್ದೆ. ಮನೆಯವರು ಬಲವಂತ ಮಾಡಿದ್ರು. ನನ್ನ ಮನಸ್ಸಲ್ಲಿ ಇವತ್ತಿಗೂ ನೀನೇ...”

“ಒಂದು ನಿಮಿಷ ನಿಲ್ಲಿ,” ಎಂದಳು. ಅವನನ್ನು ಅವಳು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅಂಗಿಯ ಕೊನೆಯ ಗುಂಡಿಯ ಕೆಂಪು ದಾರ ಕತ್ತರಿಸಿದಳು. ನೀಲಿ ದಾರ ಪೋಣಿಸಿ, ಗುಂಡಿಯನ್ನು ಮತ್ತೆ ಹಚ್ಚಿ, ಅಂಗಿ ಮಡಿಸಿ ಅವನ ಮುಂದಿಟ್ಟಳು.

“ತಗೊಳ್ಳಿ ಸರ್. ಈಗ ರೆಡಿಮೇಡ್ ಆಯ್ತು.”

ಅಷ್ಟರಲ್ಲಿ ಹುಡುಗಿ ಹೊರಬಂದು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು. ಗೌನ್ ಅವಳಿಗೆ ಒಪ್ಪುತ್ತಿತ್ತು.

“ನಿನಗೆ ಈಜು ಬರುತ್ತೇನಮ್ಮಾ?”

“ಇಲ್ಲ ಅಕ್ಕಾ. ಇವರು ಕೈ ಹಿಡ್ಕೊಳ್ತಾರಂತೆ.”

ಸೂಜಿ ಅವಳ ಹೆಗಲ ಮೇಲಿದ್ದ ದಾರದೆಳೆ ತೆಗೆದಳು.

“ಕಲಿತ್ಕೊಂಡೇ ಹೋಗಮ್ಮ,” ಎಂದಳು.