ಬುಸಾನ್ ಅಜ್ಜಿಯ ನಾಲ್ಕು ಹಾಸಿಗೆ

"ಅಜ್ಜಿ ಮನೆ ಅಂದ್ರೆ ಹೋಟೆಲ್ ಅಲ್ಲ ಕಣೋ! ಅದನ್ನ ಪ್ಲ್ಯಾನ್‌ನಲ್ಲಿ ಹೇಗೆ ಬರೆಯೋದು?" ಎಂದ ಮಯೂರ್.

"ಫ್ರೀ," ಎಂದ ದೋಯುನ್. "ನನ್ನ ಅಜ್ಜಿ ಮನೆ. ನಾವು ನಾಲ್ಕು ಜನ. ಫ್ರೀ."

"ಫ್ರೀ ಅಂತ ಬರೆದ್ರೆ ಎಲ್ಲರೂ ನಗ್ತಾರೆ."

"ಯಾಕೆ?" ದೋಯುನ್‌ಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಮಯೂರ್ ಲ್ಯಾಪ್‌ಟಾಪಿನ ಕೀಗಳನ್ನು ಜೋರಾಗಿ ಒತ್ತತೊಡಗಿದ.

ಇಂಗ್ಲೆಂಡಿನ ಕೊವೆಂಟ್ರಿಯ ಆ ಶಾಲೆಯ ಇಯರ್ ಫೈವ್ ಕ್ಲಾಸಿನಲ್ಲಿ ಆ ವಾರ ಪ್ರತಿ ಮೇಜಿನ ಮೇಲೂ ಇಂಥದೇ ಗಲಾಟೆ. ಮಿಸ್ ಹ್ಯೂಸ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನಾಲ್ಕು ಜನ ಫ್ರೆಂಡ್ಸ್ ಸೇರಿ ಸಮುದ್ರವಿರುವ ಒಂದು ಊರಿಗೆ ಟ್ರಿಪ್ ಹೋಗಬೇಕು. ನಿಜವಾಗಿ ಅಲ್ಲ, ಕಾಗದದ ಮೇಲೆ. ಹೋಗಿಬರುವ ಟಿಕೆಟ್ಟು ಮಿಸ್ ಕಡೆಯಿಂದ. ಉಳಿಯುವುದು, ತಿನ್ನುವುದು, ತಿರುಗುವುದು ಎಲ್ಲ ನಾನೂರು ಪೌಂಡಿನಲ್ಲಿ ಮುಗಿಯಬೇಕು. ಯಾರ ಟ್ರಿಪ್ ಹೆಚ್ಚು ದಿನ ನಡೆಯುತ್ತದೋ ಅವರ ಪೋಸ್ಟರ್ ಸ್ಕೂಲಿನ ಬಾಗಿಲಲ್ಲೇ ಅಂಟುತ್ತದೆ.

ಮಯೂರನ ಗುಂಪಿನಲ್ಲಿ ಕ್ಯಾಲಮ್, ಸೃಷ್ಟಿ ಮತ್ತು ದೋಯುನ್ ಇದ್ದರು. ಲೀಡರ್ ಮಯೂರ್. ಅವನನ್ನು ಯಾರೂ ಆರಿಸಿರಲಿಲ್ಲ, ಅವನೇ ಆಗಿಬಿಟ್ಟಿದ್ದ.

ದೋಯುನ್ ಕೊರಿಯಾದ ಬುಸಾನ್ ಎಂಬ ಸಮುದ್ರದ ಊರಿನವನು. ಅವನ ಅಪ್ಪ ಕಾರಿನ ಬ್ಯಾಟರಿ ಕೆಲಸಕ್ಕೆಂದು ಮೂರು ತಿಂಗಳ ಮಟ್ಟಿಗೆ ಇಲ್ಲಿಗೆ ಬಂದಿದ್ದರು. ಈಸ್ಟರ್ ರಜೆ ಶುರುವಾದ ದಿನವೇ ವಾಪಸ್. ಜನವರಿಯಿಂದ ಕ್ಲಾಸಿನಲ್ಲಿ ಬಾಯಿ ಬಿಡದಿದ್ದ ಹುಡುಗ, ಮಿಸ್ "ಸಮುದ್ರದ ಊರು" ಅಂದದ್ದೇ ತಡ, ಕುರ್ಚಿಯಿಂದ ಎದ್ದು ಕೈ ಎತ್ತಿದ್ದ. ಹಾಗಾಗಿ ಇವರ ಊರು ಬುಸಾನ್ ಎಂದಾಯಿತು.

ಸೋಮವಾರ ಅವನು ದೊಡ್ಡ ಹಾಳೆಯ ಮೇಲೆ ಒಂದು ಮ್ಯಾಪ್ ಬರೆದುಕೊಂಡು ಬಂದ. ಅಬ್ಬಾ, ಏನು ಮ್ಯಾಪ್ ಅದು! ಗುಡ್ಡದ ಮೇಲೆ ಒಂದರ ತಲೆಯ ಮೇಲೊಂದು ಹತ್ತಿ ಕೂತ ಬಣ್ಣಬಣ್ಣದ ಮನೆಗಳು. ಕೆಳಗೆ ಹಡಗುಗಳು. ಉಸ್ಸಪ್ಪಾ ಎಂದು ಗುಡ್ಡ ಹತ್ತುವ ಪುಟಾಣಿ ಹಸಿರು ಬಸ್ಸು. ಬಸ್ಸಿಳಿದರೆ ಮೆಟ್ಟಿಲುಗಳು, ಅವುಗಳ ಪಕ್ಕದಲ್ಲಿ ಎಷ್ಟು ಮೆಟ್ಟಿಲು ಎಂಬ ಲೆಕ್ಕ. ಮೇಲೆ ನೀಲಿ ಸೂರಿನ ಮನೆ, ಬಾಗಿಲಲ್ಲಿ ಕೈ ಬೀಸುತ್ತಿರುವ ಅಜ್ಜಿ. ಮನೆಯ ಗೋಡೆಯನ್ನೇ ತೆಗೆದುಹಾಕಿದ ಹಾಗೆ ಒಳಗಿನದೆಲ್ಲ ಕಾಣುತ್ತಿತ್ತು. ನೆಲದ ಮೇಲೆ ಸಾಲಾಗಿ ನಾಲ್ಕು ಹಾಸಿಗೆ, ನಾಲ್ಕು ದಿಂಬು. ಒಂದೊಂದು ದಿಂಬಿನ ಮೇಲೂ ಒಂದೊಂದು ಹೆಸರು.

"ಮಾರ್ಕೆಟ್‌ನಲ್ಲಿ ನನ್ನ ಅತ್ತೆ ಅಂಗಡಿ," ದೋಯುನ್ ಬೆರಳಿಟ್ಟು ತೋರಿಸಿದ. "ಕ್ಯಾಲಮ್‌ಗೆ ಫಿಶ್ ಕೇಕ್. ಫ್ರೀ. ಮಯೂರ್, ಸೃಷ್ಟಿ ಮೀನು ತಿನ್ನಲ್ಲ. ಅಜ್ಜಿಗೆ ಫೋನ್‌ನಲ್ಲಿ ಹೇಳಿದೆ. ಅಜ್ಜಿ ಕುಂಬಳಕಾಯಿ ಪ್ಯಾನ್‌ಕೇಕ್ ಮಾಡ್ತಾರೆ. ಒಂಬತ್ತು ದಿನ ಇರಬಹುದು!"

"ವಾವ್," ಎಂದಳು ಸೃಷ್ಟಿ. ಸೃಷ್ಟಿ ಅಷ್ಟು ಸುಲಭಕ್ಕೆ ವಾವ್ ಅನ್ನುವವಳಲ್ಲ.

ಮಯೂರನಿಗೆ ಮಾತ್ರ ನೆಲದ ಮೇಲಿನ ಹಾಸಿಗೆಗಳನ್ನು ನೋಡಿ ಕಿವಿ ಬಿಸಿಯಾಯಿತು.

ಯಾಕೆಂದು ಹೇಳುತ್ತೇನೆ ಕೇಳಿ. ಮಯೂರನ ಮನೆಯಲ್ಲಿ ಯಾವಾಗಲೂ ಯಾರಾದರೊಬ್ಬರು ಬಂದು ಇರುತ್ತಿದ್ದರು. ಬೆಂಗಳೂರಿನಿಂದಲೋ ದಾವಣಗೆರೆಯಿಂದಲೋ ಹೊಸದಾಗಿ ಕೆಲಸಕ್ಕೆ ಬಂದವರು, ಬಾಡಿಗೆಗೆ ರೂಮ್ ಸಿಗುವ ತನಕ ಇವರ ಮನೆಯಲ್ಲೇ. "ನಾವಿರುವಾಗ ಹೋಟೆಲ್ ಯಾಕ್ರೀ?" ಎಂದು ಅಪ್ಪ ಜಯಪ್ರಕಾಶ ಫೋನಿನಲ್ಲೇ ಹೇಳಿಬಿಡುತ್ತಿದ್ದರು. ಬಂದವರಿಗೆ ಮಯೂರನ ರೂಮು. ಮಯೂರನಿಗೆ ಅಪ್ಪ ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ. ಈಗ ಬಂದಿದ್ದವರು ಚಿದಾನಂದ ಅಂಕಲ್, ಅಪ್ಪನ ಫ್ರೆಂಡಿನ ಭಾವಮೈದುನ.

ಎರಡು ವಾರದ ಹಿಂದೆ ಕ್ಯಾಲಮ್ ಆಟಕ್ಕೆ ಬಂದಿದ್ದ. ಮಯೂರನ ರೂಮಿನ ಬಾಗಿಲು ತೆರೆದರೆ, ಮಟಮಟ ಮಧ್ಯಾಹ್ನ, ಹಿಂದಿನ ದಿನವಷ್ಟೇ ವಿಮಾನ ಇಳಿದಿದ್ದ ಚಿದಾನಂದ ಅಂಕಲ್ ತಲೆ ತುಂಬ ರಗ್ಗು ಹೊದ್ದು ಗೊರಕೆ ಹೊಡೆಯುತ್ತಿದ್ದರು.

"ಯಾರಿವರು?"

"ಗೊತ್ತಿಲ್ಲ. ನಿನ್ನೆ ಬಂದ್ರು."

"ಗೊತ್ತಿಲ್ವಾ? ಗೊತ್ತಿಲ್ದೇ ಇರೋರು ನಿನ್ನ ಬೆಡ್‌ನಲ್ಲಿ ಮಲಗಿದ್ದಾರಾ?" ಕ್ಯಾಲಮ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅದರ ಮುಂದಿನ ಸೋಮವಾರ ಕ್ಲಾಸಿನಲ್ಲಿ, "ಮಯೂರ್ ಹಾಸ್ಟೆಲ್‌ನಲ್ಲಿ ರೂಮ್ ಖಾಲಿ ಇದ್ಯಾ?" ಎಂದು ನಾಲ್ಕು ಜನ ಕೇಳಿದ್ದರು. ಕ್ಯಾಲಮ್ ಅದನ್ನು ಮರುದಿನವೇ ಮರೆತ. ಮಯೂರ್ ಮರೆಯಲಿಲ್ಲ.

ಅದಕ್ಕೇ ಮಂಗಳವಾರ ಸಂಜೆ ಅವನು ಮನೆಯಲ್ಲಿ ಕೂತು ಇಡೀ ಪ್ಲ್ಯಾನನ್ನೇ ಬದಲಾಯಿಸಿದ. ಅಜ್ಜಿ ಮನೆ ತೆಗೆದ, ಬೀಚಿನ ಹತ್ತಿರದ ದೊಡ್ಡ ಹೋಟೆಲ್ ಹಾಕಿದ. ಅತ್ತೆಯ ಅಂಗಡಿ ತೆಗೆದ, ಪಿಜ್ಜಾ ಹಾಕಿದ. ದುಡ್ಡು ಎರಡೇ ರಾತ್ರಿಗೆ ಖಾಲಿ! ಆಗಲಿ, ನೋಡುವುದಕ್ಕೆ ಜೋರಾಗಿದೆಯಲ್ಲ ಎಂದುಕೊಂಡ.

ಸ್ಲೈಡ್ ಮಾಡಲೆಂದು ಮನೆಗೆ ತಂದಿದ್ದ ದೋಯುನ್‌ನ ಮ್ಯಾಪ್ ಮೇಜಿನ ಮೇಲೆಯೇ ಇತ್ತು. ಅಜ್ಜಿ ಕೈ ಬೀಸುತ್ತಲೇ ಇದ್ದರು. ಮಯೂರ್ ಅದನ್ನು ನಾಲ್ಕು ಮಡಿಕೆ ಮಾಡಿ, ಹೊರಗೆ ಹೋಗಿ, ರಿಸೈಕ್ಲಿಂಗ್ ಬಿನ್‌ನ ನೀಲಿ ಮುಚ್ಚಳ ಎತ್ತಿ ಹಾಕಿಬಿಟ್ಟ.

"ಏನೋ ಬಿಸಾಕಿದೆ?" ಅಡುಗೆಮನೆಯಿಂದ ಅಮ್ಮ ಹೇಮಲತಾ ಕೇಳಿದರು.

"ನಥಿಂಗ್. ಜಸ್ಟ್ ಪೇಪರ್." ಅಮ್ಮ ಕನ್ನಡದಲ್ಲಿ ಏನು ಕೇಳಿದರೂ ಅವನ ಉತ್ತರ ಇಂಗ್ಲಿಷಿನಲ್ಲೇ. ಅದು ಆ ಮನೆಯ ಮಾಮೂಲು.

ಬುಧವಾರ ಕ್ಲಾಸಿಗೆ ಪ್ಲ್ಯಾನ್ ತೋರಿಸುವ ಅವರ ಸರದಿ ಬರುವ ಮೊದಲು ಅವನು ದೋಯುನ್‌ನನ್ನು ಪಕ್ಕಕ್ಕೆ ಕರೆದ.

"ಅಜ್ಜಿ ಅಂತ ಏನೂ ಹೇಳಬೇಡ, ಆಯ್ತಾ? ಹೋಟೆಲ್. ಬರೀ ಹೋಟೆಲ್."

ದೋಯುನ್ ಅವನ ಮುಖ ನೋಡಿ, "ಓಕೆ," ಎಂದ.

ಮಯೂರ್ ಸ್ಲೈಡ್‌ಗಳನ್ನು ಸರಸರ ತೋರಿಸಿದ. ಮಿಸ್ ಹ್ಯೂಸ್ ಹುಬ್ಬೇರಿಸಿದರು.

"ಅಷ್ಟು ದೂರ ಹೋಗಿ ಎರಡೇ ರಾತ್ರಿನಾ? ದೋಯುನ್, ಅದು ನಿನ್ನ ಊರಲ್ವಾ? ಅಲ್ಲಿ ನಿಮ್ಮವರು ಯಾರೂ ಇಲ್ವಾ?"

ದೋಯುನ್ ಮಯೂರನ ಕಡೆ ನೋಡಿದ. ಮಯೂರ್ ಯಾರಿಗೂ ಕಾಣದ ಹಾಗೆ ತಲೆಯಾಡಿಸಿದ, ಬೇಡ ಎಂದು.

"ಇಲ್ಲ, ಮಿಸ್," ಎಂದ ದೋಯುನ್. "ಯಾರೂ ಇಲ್ಲ."

ಸೃಷ್ಟಿ ಗಕ್ಕನೆ ತಿರುಗಿ ಮಯೂರನನ್ನು ನೋಡಿದಳು. ಅವನು ಸ್ಕ್ರೀನ್ ನೋಡಿದ.

ಆಮೇಲೆ ಎಮಿಲಿಯ ಗುಂಪು ಬಂತು. ಅವರ ಊರು ಸ್ಕಾರ್ಬರೋ. ಕೊವೆಂಟ್ರಿಯಿಂದ ಟ್ರೇನ್‌ನಲ್ಲೇ ಹೋಗಬಹುದು.

"ನನ್ನ ಆಂಟೀದು ಅಲ್ಲಿ ಒಂದು ಕ್ಯಾರವಾನ್ ಇದೆ, ಚಕ್ರದ ಮೇಲಿನ ಮನೆ," ಎಂದಳು ಎಮಿಲಿ. "ಅದರಲ್ಲೇ ಎಲ್ಲರೂ ಮಲಗ್ತೀವಿ. ಇಬ್ಬರು ಬೆಂಚ್ ಮೇಲೆ, ಇಬ್ಬರು ನೆಲದ ಮೇಲೆ. ಅದು ಫ್ರೀ. ಅದಕ್ಕೇ ಎಂಟು ದಿನ ಇರ್ತೀವಿ."

ಯಾರೂ ನಗಲಿಲ್ಲ. ಮಿಸ್ ಚಪ್ಪಾಳೆ ತಟ್ಟಿದರು. "ಎಷ್ಟು ಜಾಣತನ! ಗೊತ್ತಿರುವವರ ಮನೆಗಿಂತ ಒಳ್ಳೆ ಜಾಗ ಯಾವುದಿದೆ?" ಪೋಸ್ಟರ್ ಎಮಿಲಿಯ ಗುಂಪಿನದೇ ಎಂದಾಯಿತು.

"ಅಯ್ಯೋ, ನಮ್ಮದು ಒಂಬತ್ತು ದಿನ ಇತ್ತಲ್ವಾ?" ಕ್ಯಾಲಮ್ ಗೊಣಗಿದ. "ದೋಯುನ್ ಅಜ್ಜಿ ಮನೆ ಯಾಕೆ ತೆಗೆದೆ, ಮಯೂರ್? ನಂಗೆ ಅದೇ ಇಷ್ಟ ಆಗಿತ್ತು."

ಹಾಸ್ಟೆಲ್ ಅಂತ ನಕ್ಕಿದ್ದು ನೀನೇ ತಾನೇ ಎಂದು ಮಯೂರನ ನಾಲಿಗೆಯ ತುದಿಗೆ ಬಂತು. ಕ್ಯಾಲಮ್ ನಕ್ಕಿದ್ದು ನಿಜ. ಆದರೆ "ಯಾರೂ ಇಲ್ಲ" ಎಂದು ದೋಯುನ್ ಬಾಯಲ್ಲಿ ಹೇಳಿಸಿದ್ದು ಕ್ಯಾಲಮ್ ಅಲ್ಲವಲ್ಲ.

ಗುರುವಾರ ಮನೆಗೆ ಹೊರಡುವ ಹೊತ್ತಿಗೆ ದೋಯುನ್ ಅವನ ಹತ್ತಿರ ಬಂದ.

"ನನ್ನ ಮ್ಯಾಪ್ ಕೊಡ್ತೀಯಾ? ಅಜ್ಜಿಗೆ ತೋರಿಸಬೇಕು. ದಿನಾ ಫೋನ್‌ನಲ್ಲಿ ಕೇಳ್ತಾರೆ, ಕ್ಲಾಸಿಗೆ ನನ್ನ ಮನೆ ಇಷ್ಟ ಆಯ್ತಾ ಅಂತ."

"ನೀನು ಏನಂದೆ?" ಎಂದು ಮಯೂರ್ ಕೇಳಿದ.

"ಹೌದು ಅಂದೆ. ಎಲ್ಲರಿಗೂ ತುಂಬಾ ಇಷ್ಟ ಆಯ್ತು ಅಂದೆ."

"ಮನೇಲಿದೆ," ಎಂದ ಮಯೂರ್. "ನಾಳೆ ತರ್ತೀನಿ."

ಶಾಲೆಯಿಂದ ಅವನು ಓಡಿಕೊಂಡೇ ಬಂದ. ಬಿನ್ ಮನೆ ಮುಂದೆ ಫುಟ್‌ಪಾತ್ ಮೇಲೆ ನಿಂತಿತ್ತು. ನೀಲಿ ಮುಚ್ಚಳ ಎತ್ತಿ ತಲೆಯನ್ನು ಒಳಗೆ ತೂರಿಸಿದ. ಖಾಲಿ. ತಳದಲ್ಲಿ ಹಾಲಿನ ಬಾಟಲಿಯ ಒಂದು ಹಸಿರು ಮುಚ್ಚಳ ಬಿಟ್ಟರೆ ಏನೂ ಇರಲಿಲ್ಲ. ಕೌನ್ಸಿಲ್‌ನ ಕಸದ ಲಾರಿ ಬೆಳಿಗ್ಗೆಯೇ ಬಂದು ಹೋಗಿತ್ತು.

"ಏನೋ ಇದು, ಬಿನ್ ಒಳಗೆ ತಲೆ ಹಾಕ್ಕೊಂಡು?" ಅಮ್ಮ ಬಾಗಿಲಿಗೆ ಬಂದರು. ಮಯೂರ್ ತಲೆ ಎತ್ತಿದ. ಅಷ್ಟೇ, ಅಳು ಒತ್ತರಿಸಿಕೊಂಡು ಬಂತು. ಬಿಕ್ಕುತ್ತ ಬಿಕ್ಕುತ್ತ ಅವನು ಎಲ್ಲವನ್ನೂ ಹೇಳಿದ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. "ಪಾಪ, ಆ ಅಜ್ಜಿ," ಎಂದಷ್ಟೇ ಹೇಳಿ ಅವನ ಮೂಗು ಒರೆಸಿದರು.

ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಮಯೂರ್ ನೆನಪಿನಿಂದ ಮ್ಯಾಪ್ ಬರೆಯತೊಡಗಿದ. ಗುಡ್ಡ ಬಂತು, ಹಡಗು ಬಂತು, ಹಸಿರು ಬಸ್ಸು ಬಂತು. ಮೆಟ್ಟಿಲು ಎಷ್ಟೆಂದು ನೆನಪಾಗಲಿಲ್ಲ, ನೂರು ಎಂದು ಬರೆದ. ಅಜ್ಜಿ ಮಾತ್ರ ಎಷ್ಟು ಸಲ ಅಳಿಸಿ ಬರೆದರೂ ಸರಿ ಬರಲಿಲ್ಲ. ಕೈ ಬೀಸುವ ಅಜ್ಜಿ ಟ್ರಾಫಿಕ್ ಪೊಲೀಸಿನ ಹಾಗೆ ಕಾಣುತ್ತಿದ್ದರು.

ಕೆಲಸದಿಂದ ಬಂದ ಚಿದಾನಂದ ಅಂಕಲ್ ಎದುರಿಗೆ ಕೂತರು. "ಯಾರ ಮನೆ ಇದು, ಮರಿ?"

"ಮೈ ಫ್ರೆಂಡ್ಸ್ ಗ್ರ್ಯಾಂಡ್‌ಮಾಸ್."

"ಚೆನ್ನಾಗಿದೆ. ಹಾಂ, ನಿನಗೊಂದು ಗುಡ್ ನ್ಯೂಸ್. ನಾಳೆ ಒಂದು ರೂಮ್ ನೋಡಕ್ಕೆ ಹೋಗ್ತಿದೀನಿ. ಸಿಕ್ಕಿದ್ರೆ ಭಾನುವಾರ ನಿನ್ನ ರೂಮ್ ನಿಂಗೆ ವಾಪಸ್."

"ಓಕೆ," ಎಂದು ಮಯೂರ್ ಮೂರು ದಿಂಬು ಬರೆದ. ಅವುಗಳ ಮೇಲೆ ದೋಯುನ್, ಸೃಷ್ಟಿ, ಕ್ಯಾಲಮ್ ಎಂದು ಬರೆದ. ನಾಲ್ಕನೆಯದನ್ನೂ ಬರೆದ, ಆದರೆ ಅದರ ಮೇಲೆ ತನ್ನ ಹೆಸರು ಹಾಕಲು ಕೈ ಬರಲಿಲ್ಲ. ಖಾಲಿ ಬಿಟ್ಟ.

ಶುಕ್ರವಾರ ದೋಯುನ್‌ಗೆ ಶಾಲೆಯ ಕೊನೆಯ ದಿನ. ಗೇಟಿನ ಹತ್ತಿರ ಅವನ ಅಪ್ಪ ಕಾಯುತ್ತಿದ್ದರು. ಮಯೂರ್ ಸುರುಳಿ ಸುತ್ತಿದ ಹಾಳೆಯನ್ನು ಕೊಟ್ಟ.

"ಇದು ನಿನ್ನ ಮ್ಯಾಪ್ ಅಲ್ಲ. ನಿಂದು... ನಾನು ಬಿನ್‌ಗೆ ಹಾಕ್ಬಿಟ್ಟೆ. ಲಾರಿಯವರು ತಗೊಂಡು ಹೋದ್ರು. ಸಾರಿ."

ದೋಯುನ್ ಹಾಳೆ ಬಿಡಿಸಿದ. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ನೂರು ಎಂಬುದನ್ನು ಹೊಡೆದುಹಾಕಿ ತೊಂಬತ್ತೆರಡು ಎಂದು ಬರೆದ. ಪೆನ್ಸಿಲ್ ಆ ಖಾಲಿ ದಿಂಬಿನ ಹತ್ತಿರ ಬಂತು. ಪೆನ್ಸಿಲ್ ಅಲ್ಲಿ ಸ್ವಲ್ಪ ಹೊತ್ತು ನಿಂತು, ಜೇಬಿಗೆ ವಾಪಸ್ ಹೋಯಿತು.

"ಥ್ಯಾಂಕ್ ಯೂ," ಎಂದ ದೋಯುನ್.

"ನಾನು ಯಾವತ್ತಾದ್ರೂ ಬುಸಾನ್‌ಗೆ ಬರ್ತೀನಿ," ಎಂದ ಮಯೂರ್ ಅವಸರದಲ್ಲಿ. "ನಿಜವಾಗ್ಲೂ ಬರ್ತೀನಿ."

ದೋಯುನ್ ಯೋಚಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ.

"ಗುಡ್," ಎಂದ. "ಆ ಹೋಟೆಲ್ ಬೀಚಿಗೆ ಹತ್ತಿರ. ತುಂಬಾ ಚೆನ್ನಾಗಿದೆ."

ಅಷ್ಟು ಹೇಳಿ, ಸ್ವಲ್ಪ ತಲೆ ಬಾಗಿಸಿ, ಅಪ್ಪನ ಕಡೆ ನಡೆದ. ಬಸ್ ಸ್ಟಾಪ್ ತಿರುವಿನಲ್ಲಿ ಇಬ್ಬರೂ ಮರೆಯಾಗುವ ತನಕ ಮಯೂರ್ ಅಲ್ಲೇ ನಿಂತಿದ್ದ.

ಸಂಜೆ ಹಾಲ್‌ನಲ್ಲಿ ಚಿದಾನಂದ ಅಂಕಲ್ ಅಪ್ಪನ ಜೊತೆ ಮಾತಾಡುತ್ತಿದ್ದರು.

"ರೂಮ್ ಏನೋ ಇದೆ ಜಯಪ್ರಕಾಶಣ್ಣ. ಗೋಡೆ ತುಂಬ ಬೂಷ್ಟು, ಹೀಟರ್ ಕೆಟ್ಟಿದೆ. ಇರ್ಲಿ, ತಗೊಂಡ್ಬಿಡ್ತೀನಿ. ಎಷ್ಟು ದಿನ ಅಂತ ಹುಡುಗನ್ನ ನೆಲದ ಮೇಲೆ ಮಲಗಿಸೋದು, ಪಾಪ."

ಮಯೂರ್ ಮೆಟ್ಟಿಲ ಮೇಲೆ ಕೂತಿದ್ದ. ಎದ್ದು ಹಾಲ್‌ಗೆ ಬಂದ. ಹೇಳಬೇಕಾದದ್ದು ಇಂಗ್ಲಿಷಿನಲ್ಲಿ ಬಾಯಿಗೆ ಬಂದಿತ್ತು. ಆದರೆ ಯಾಕೋ ಅದು ಸಾಲದು ಅನ್ನಿಸಿತು.

"ಬೇಡ ಅಂಕಲ್," ಎಂದ. ಕನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿ ಹೇಳಿದ. "ಅಲ್ಲಿ ಹೋಗಬೇಡಿ. ಒಳ್ಳೇದು ಸಿಗೋ ತನಕ ಇಲ್ಲೇ ಇರಿ. ನನ್ನ ರೂಮ್‌ನಲ್ಲಿ."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಅಪ್ಪ ಟೀವಿಯ ರಿಮೋಟ್ ಕೆಳಗಿಟ್ಟು ಅವನನ್ನೇ ನೋಡಿದರು. ಚಿದಾನಂದ ಅಂಕಲ್ "ಆಯ್ತಪ್ಪ, ಆಯ್ತು," ಎನ್ನುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

ಮಯೂರ್ ಮೇಲೆ ಹೋಗಿ, ಬೀರುವಿನಿಂದ ಒಗೆದ ದಿಂಬಿನ ಕವರ್ ತೆಗೆದು, ತನ್ನ ಮಂಚದ ಮೇಲಿನ ದಿಂಬಿಗೆ ಹಾಕಿದ. ನಾಲ್ಕೂ ಮೂಲೆಗಳನ್ನು ಎಳೆದು ಸರಿಮಾಡಿದ. ಬುಸಾನ್‌ನಲ್ಲಿ ಅಜ್ಜಿ ನಾಲ್ಕು ದಿಂಬಿಗೆ ಹೀಗೇ ಕವರ್ ಹಾಕಿಟ್ಟಿದ್ದರೋ ಏನೋ. ಈಗ ಅವುಗಳಲ್ಲಿ ಹೆಸರಿಲ್ಲದ ಒಂದನ್ನು ಅವರು ಒಳಗೆ ಎತ್ತಿಡುತ್ತಾರೆ.