ಕೇದಗೆ ಬರೆದ ಬೀರಣ್ಣನ ಚಿತ್ರ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಓಣಿಯ ಹೂಗಾರರ ಸಿದ್ದವ್ವಜ್ಜಿ. ಸ್ವಾಮಿಗೆ ಹೂವಿನ ಸರ ಕಟ್ಟುತ್ತ ಹೇಳುತ್ತಿದ್ದರು. ಬೆರಳು ನಿಂತರೆ ಕತೆಯೂ ನಿಲ್ಲುತ್ತಿತ್ತು. ಅವರು ಹೇಳಿದಂತೆಯೇ ಹೇಳುತ್ತೇನೆ.

ಬಲು ಹಿಂದೆ, ಹವಳದುರ್ಗವೆಂಬ ರಾಜ್ಯದಲ್ಲಿ ಒಂದು ಚಿತ್ರಶಾಲೆ ಇತ್ತು. ಅಲ್ಲಿ ಬರೆದ ನವಿಲು ಕುಣಿಯುತ್ತಿತ್ತು. ಬರೆದ ಬಾವಿಗೆ ಕೊಡ ಇಳಿಸಿದರೆ ನೀರು ಬರುತ್ತಿತ್ತು. ಅಲ್ಲಿ ಕಲಿಯುವವರಲ್ಲೆಲ್ಲ ಕುಂಬಾರರ ಮಗಳು ಕೇದಗೆಯೇ ಮುಂದು. ಆದರೆ ಗೆರೆ ಕೂದಲೆಳೆಯಷ್ಟು ಸೊಟ್ಟಗಾದರೂ ಇಡೀ ಚಿತ್ರವನ್ನು ಒರೆಸಿಬಿಡುವಳು. ಪರೀಕ್ಷೆ ಹತ್ತಿರ ಬಂತೆಂದರೆ ಅವಳಿಗೆ ಊಟ ಸೇರದು, ನಿದ್ದೆ ಹತ್ತದು.

ಪಕ್ಕದ ಮಣೆಯಲ್ಲಿ ಕೂತು ಕಲಿಯುತ್ತಿದ್ದವನು ಅಂಬಿಗರ ಬೀರಣ್ಣ. ಅವನು ಬರೆದ ಆನೆ ಎಮ್ಮೆಯ ಹಾಗಿರುತ್ತಿತ್ತು. ಎಮ್ಮೆ ಯಾವುದರ ಹಾಗೂ ಇರುತ್ತಿರಲಿಲ್ಲ.

“ಬುತ್ತಿ ಬಿಚ್ಚೇ ಕೇದಗೆ. ರೊಟ್ಟಿ ಸರಿಯಾಗಿ ದುಂಡಗಿಲ್ಲ ಅಂತ ಉಪವಾಸವೋ?”

“ಸುಮ್ಮನಿರೋ. ನಿನ್ನ ಎಮ್ಮೆಗೆ ಮೊದಲು ಕೊಂಬು ಬರೆ.”

“ಅಯ್ಯೋ, ಅದು ಎಮ್ಮೆಯಲ್ಲ ತಾಯಿ, ನಮ್ಮ ಗುರುಗಳು!”

ಆಗ ಅವಳು ನಗುವಳು. ದಿನಕ್ಕೆ ಅದೊಂದೇ ನಗು.

ಆ ವರ್ಷದ ಪರೀಕ್ಷೆಗೆ ಕಣ್ಣೆದುರಿನ ಒಬ್ಬ ಮನುಷ್ಯನನ್ನು ಬರೆಯಬೇಕೆಂದಾಯಿತು. ಕೇದಗೆ ಬೀರಣ್ಣನನ್ನು ಬರೆದಳು. ಹದಿನೆಂಟು ದಿನ ನೂಲು ಹಿಡಿದು ಅಳೆದಳು, ಒರೆಸಿದಳು, ತಿದ್ದಿದಳು.

ಆ ನಾಡಿನಲ್ಲೊಂದು ಪದ್ಧತಿಯಿತ್ತು. ಚಿತ್ರ ಮುಗಿದೊಡನೆ ಮೂಲೆಯಲ್ಲಿ ಕಾಡಿಗೆಯ ದೃಷ್ಟಿಬೊಟ್ಟು ಇಡಬೇಕು. ಏಕೆಂದರೆ ಏಳು ಬೆಟ್ಟಗಳಾಚೆ ಕಂಕನೆಂಬ ಮಾಂತ್ರಿಕನಿದ್ದ. ಕುಂದಿಲ್ಲದ ವಸ್ತುವಿನ ಮೇಲೆ ಕಣ್ಣು ಬಿದ್ದರೆ ಅದು ಅವನದೇ. ಅವನು ನೋಡುತ್ತಿರುವಷ್ಟು ಕಾಲ ಅದಕ್ಕೆ ಬಿಡುಗಡೆಯಿಲ್ಲ.

“ಬೊಟ್ಟು ಇಟ್ಟೆಯಾ ಮಗಳೇ?” ಎಂದರು ಗುರು ಪುಟ್ಟಾಚಾರ್ಯರು.

“ಇಡುತ್ತೇನೆ ಗುರುಗಳೇ” ಎಂದಳು. ಮನಸ್ಸು ಬರಲಿಲ್ಲ. ಇಷ್ಟು ಚಂದದ ಚಿತ್ರಕ್ಕೆ ಮಸಿಯೇ?

ಬೆಳಗಾದಾಗ ಚಿತ್ರ ತೂಗುಹಾಕಿದ್ದ ಗೋಡೆ ಬರಿದು. ಪಕ್ಕದ ಮಣೆಯೂ ಬರಿದು.

“ಕಂಕನ ಕಣ್ಣು ಬಿತ್ತು. ಚಿತ್ರ ಹೋದ ದಾರಿಯಲ್ಲೇ ಬೀರಣ್ಣನೂ ಹೋದ, ಮಗಳೇ” ಎಂದು ಆಚಾರ್ಯರು ತಲೆ ತಗ್ಗಿಸಿದರು.

ಕೇದಗೆ ಬಣ್ಣದ ಗಂಟು ಕಟ್ಟಿಕೊಂಡು ಏಳು ಬೆಟ್ಟಗಳತ್ತ ಹೊರಟಳು. ದಾರಿಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು. ಅರ್ಧ ರೊಟ್ಟಿ ಕೈಯಲ್ಲೇ ಉಳಿಯಿತು. ಹಾಸ್ಯ ಮಾಡುವವರಿಲ್ಲದೆ ತುತ್ತು ಇಳಿಯಲಿಲ್ಲ.

ಬೆಟ್ಟಗಳಾಚೆ ಕಂಕನ ಮನೆಯ ಮೊದಲ ಬಾಗಿಲಲ್ಲಿ ಗಾಜಿನ ಸಿಂಹ ಕೂತಿತ್ತು. “ಕುಂದಿಲ್ಲದ ಒಂದು ವೃತ್ತ ಬರೆ” ಎಂದಿತು. ಅವಳು ಬರೆದಳು, ಒರೆಸಿದಳು, ಮತ್ತೆ ಬರೆದಳು. ಎರಡು ತಿಂಗಳು ಕಳೆದವು. “ಭೇಷ್! ಒಳಗೆ ಹೋಗು. ಹೊರಗೆ ಬರುವ ದಾರಿ ಕೇಳಬೇಡ” ಎಂದಿತು ಸಿಂಹ.

ಎರಡನೆಯ ಬಾಗಿಲಲ್ಲಿ ಬೆಳ್ಳಿಯ ಸರ್ಪ ಸುತ್ತಿಕೊಂಡಿತ್ತು. “ನನ್ನ ಮೈಯ ಸಾವಿರ ಚುಕ್ಕೆಗಳನ್ನು ಒಂದರಂತೆ ಒಂದು ಬರೆ” ಎಂದಿತು. ಅವಳು ಬರೆದಳು, ಒರೆಸಿದಳು, ಮತ್ತೆ ಬರೆದಳು. ಒಂದು ವರ್ಷ ಕಳೆಯಿತು. “ಭೇಷ್! ಒಳಗೆ ಹೋಗು. ಹೊರಗೆ ಬರುವ ದಾರಿ ಕೇಳಬೇಡ” ಎಂದಿತು ಸರ್ಪ.

ಮೂರನೆಯದು ಕಂಕನ ಹಜಾರ. ಗೋಡೆ ತುಂಬ ಕುಣಿಯದ ನವಿಲುಗಳು, ಅಳದ ಕೂಸುಗಳು, ಬಾಡದ ಹೂಗಳು. ಅವುಗಳ ನಡುವೆ ಬೀರಣ್ಣ. ಕರೆದರೆ ಓ ಎನ್ನಲಿಲ್ಲ.

“ಅವನನ್ನು ಮತ್ತೆ ಬರೆ” ಎಂದ ಕಂಕ, ಕಣ್ಣು ಮಿಟುಕಿಸದೆ. “ಇದಕ್ಕಿಂತ ಚಂದ ಬಂದರೆ ಇದನ್ನು ನೀನೇ ಒಯ್ಯು.”

ಅವಳು ಬರೆದಳು. ಇನ್ನೂ ಚಂದ ಬಂತು. ಕಂಕನ ಕಣ್ಣು ಬಿತ್ತು. ಚಿತ್ರ ಗೋಡೆ ಸೇರಿತು. “ಇನ್ನೂ ಸಾಲದು” ಎಂದ. ಎರಡನೆಯ ಸಲವೂ ಹಾಗೆಯೇ ಆಯಿತು.

ಮೂರನೆಯ ಸಲ ಕೇದಗೆ ನೂಲು ಹಿಡಿಯಲಿಲ್ಲ. ಗೋಡೆಯ ಮೂರು ಮುಖಗಳನ್ನು ನೋಡುತ್ತ ಕೂತಳು. ಎಲ್ಲವೂ ಚಂದ, ಒಂದೂ ಅವನಲ್ಲ. ದೋಣಿಯ ಹುಟ್ಟು ತಗುಲಿ ಮುರಿದ ಅವನ ಮುಂಬಲ್ಲು ಎಲ್ಲಿ? ಒಂದು ಹುಬ್ಬು ಮೇಲೆ, ಒಂದು ಕೆಳಗೆ ಇತ್ತಲ್ಲ? ನಕ್ಕರೆ ಮುಖವೇ ಎಡಕ್ಕೆ ವಾಲುತ್ತಿತ್ತಲ್ಲ? ತಾನೇ ಎಲ್ಲವನ್ನೂ ನೆಟ್ಟಗೆ ಮಾಡಿದ್ದಳು. “ಶಿವನೇ, ನಾನು ನೋಡಬೇಕೆಂದು ಬಂದದ್ದು ಇವನನ್ನಲ್ಲ” ಎಂದಳು. ಆ ಮುರುಕು ಹಲ್ಲಿಗಾಗಿ ಅವಳ ಕರುಳು ಎಳೆಯಿತು.

ಅಳುತ್ತಲೇ ಬರೆದಳು. ಬಣ್ಣದ ಮೇಲೆ ಕಣ್ಣೀರು ಬಿದ್ದು ಹರಡಿತು. ಅಭ್ಯಾಸಬಲದಿಂದ ಅವಳ ಕೈ ಚಿತ್ರ ಒರೆಸುವ ಬಟ್ಟೆಯತ್ತ ಹೋಯಿತು.

“ಒರೆಸು, ಒರೆಸು! ತುಟಿ ಸೊಟ್ಟಗಿದೆ!” ಎಂದು ಕಂಕ ಚೀರಿದ.

“ಅವನು ನಗುವುದೇ ಹಾಗೆ” ಎಂದು ಕೇದಗೆ ಬಟ್ಟೆಯನ್ನು ಕಿಟಕಿಯಾಚೆ ಎಸೆದಳು.

ಕಂಕನ ಕಣ್ಣಿಗೆ ಮೆಣಸಿನಪುಡಿ ಬಿದ್ದಂತಾಯಿತು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ನೋಟ ತಪ್ಪಿತು, ಹಿಡಿತವೂ ತಪ್ಪಿತು. ನವಿಲುಗಳು ಹಾರಿದವು, ಕೂಸುಗಳು ಅಮ್ಮನನ್ನು ಕರೆದು ಅತ್ತವು, ಹೂಗಳು ಗಮ್ಮೆಂದವು. ಕಂಕ ನಿಂತಲ್ಲೇ ಬೂದಿಯಾದ. ಗಾಜಿನ ಸಿಂಹ ಒಡೆಯಿತು, ಬೆಳ್ಳಿಯ ಸರ್ಪ ಕರಗಿತು.

ಸೊಟ್ಟ ತುಟಿಯ ಚಿತ್ರ ನಕ್ಕಿತು. ಬೀರಣ್ಣ ಅದರಿಂದ ಇಳಿದು ಬಂದ.

“ಎಷ್ಟು ದಿನವಾಯಿತೇ?”

“ಒಂದು ವರ್ಷ ಎರಡು ತಿಂಗಳ ಮೇಲಾಯಿತು.”

“ಅಯ್ಯಯ್ಯೋ, ನಿನ್ನ ಪರೀಕ್ಷೆ?”

“ಮುಗಿದೇ ಹೋಯಿತು. ನಾನು ಕೂರಲಿಲ್ಲ” ಎಂದಳು. ಅವಳ ದನಿ ನಡುಗಲಿಲ್ಲ.

“ಹಾಗಾದರೆ ಮುಂದಿನ ವರ್ಷವೂ ನನ್ನ ಪಕ್ಕದಲ್ಲೇ ಕೂರಬೇಕಲ್ಲೇ!”

“ಅದಕ್ಕೇ ತಾನೇ ಇಷ್ಟು ದೂರ ಬಂದದ್ದು?” ಎಂದಳು ಕೇದಗೆ. ಹೇಳಿದ ಮೇಲೆ ನಾಚಿಕೆಯಾಗಿ ಬಣ್ಣದ ಗಂಟು ಕಟ್ಟತೊಡಗಿದಳು. ಗಂಟು ಮೂರು ಸಲ ಬಿಚ್ಚಿಹೋಯಿತು.

ಊರಿಗೆ ಬಂದರು. ದೈವ ಕೂಡಿಬಂದ ದಿನ ಗುರುಹಿರಿಯರ ಕೈಯಿಂದ ಇಬ್ಬರ ಮೇಲೂ ಅಕ್ಷತೆ ಬಿತ್ತು. ಹವಳದುರ್ಗದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು.

ನಿಮ್ಮ ಮನೆಯಲ್ಲೂ ಪಾಠ ಸರಿಬರಲಿಲ್ಲವೆಂದು ಅನ್ನ ಬಿಟ್ಟು ಕೂತ ಮಗುವೊಂದು ಇರಬಹುದು. ಬೈಯಬೇಡಿ. ತಟ್ಟೆ ಮುಂದಿಟ್ಟು, ಪಕ್ಕದಲ್ಲಿ ಕೂತು, ಈ ಕತೆ ಹೇಳಿ. ಅದು ದೊಡ್ಡದಾದ ಮೇಲೆ ಇನ್ನೊಬ್ಬರಿಗೆ ಹೇಳಲೆಂದೂ ಹೇಳಿ. ಭಗವಂತ ಎಲ್ಲರಿಗೂ ಒಳ್ಳೆಯದು ಮಾಡಲಿ.