ಮೈಕಿನ ಬೆನ್ನಿಗೆ ಹೇಳಿದ ಮಾತು

“ಆಕಾಶ, ಎದುರಿಗೆ ಬಾ! ಮೈಕಿನ ಹಿಂದೆ ನಿಂತು ಮಾತಾಡಿದ್ರೆ ನನಗೆಂತದೂ ಕೇಳೂದಿಲ್ಲ.”

ಗಾಜಿನಾಚೆ ಆಕಾಶ ಓದುತ್ತಿದ್ದ ಹಾಳೆಯನ್ನು ಕೆಳಗಿಳಿಸಿದ.

ಮುಂಬಯಿ ಬಳಿಯ ಡೊಂಬಿವಲಿಯ ಆ ಸ್ಟುಡಿಯೋಗೆ ಅವನು ಬಂದದ್ದು ಐದು ವರ್ಷಗಳ ಬಳಿಕ. ಕಟ್ಟಡ ಕಾರ್ಮಿಕರಿಗಾಗಿ ಕನ್ನಡದಲ್ಲಿ ಸುರಕ್ಷತಾ ಸೂಚನೆಗಳನ್ನು ಓದಬೇಕಿತ್ತು. ಧ್ವನಿಮುದ್ರಣ ಮಾಡಲು ಗಾಜಿನ ಈಚೆ ಕುಳಿತಿದ್ದ ಪ್ರಣೀತಾಳನ್ನು ಕಂಡೊಡನೆ “ನಮಸ್ಕಾರ ಮೇಡಂ” ಎಂದಿದ್ದ.

ಮೇಡಂ!

ಅಂದು ಅವಳು ಇಲ್ಲಿ ಕೆಲಸ ಕಲಿಯುತ್ತಿದ್ದಳು. ಅವನು ಜಾಹೀರಾತುಗಳಿಗೆ ದನಿ ಕೊಡುತ್ತಿದ್ದ. ಅರ್ಧ ಗ್ಲಾಸಿನ ಒಂದು ಕಟಿಂಗ್ ಚಹಾವನ್ನು ಇಬ್ಬರೂ ಹಂಚಿಕೊಂಡು, ಅವನಿದ್ದ ದಿವಾಕ್ಕೆ ಹೋಗುವ ಲೋಕಲ್ ರೈಲುಗಳನ್ನು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದ ಸಂಜೆಗಳು... ಒಂದು ದಿನ ಅವನು ಹೊರಟೇ ಹೋದ. ಹೇಳದೆ ಹೋದವನಿಗೆ ತಾನೇಕೆ ಫೋನ್ ಮಾಡಲಿ ಎಂದು ಅವಳೂ ಬಿಗಿದುಕೊಂಡಳು.

ಆಕಾಶ ಮೈಕಿನೆದುರು ಬಂದ.

“ಹಿಂದ ನಿಂತು ಅಂದಿದ್ದು... ಖರೇನ ಕೇಳಂಗಿಲ್ಲೇನು?”

“ಇಲ್ಲ ಮಾರಾಯ. ಸ್ವಿಚ್ಚಿನಲ್ಲಿ ಹೃದಯದ ಗುರುತು ಉಂಟಲ್ಲ? ಅಲ್ಲಿಟ್ಟರೆ ಎದುರಿನ ಮಾತನ್ನೇ ಹಿಡೀತದೆ. ಹಿಂದೆ ಕಿವುಡು.”

“ಐದು ವರ್ಷದ ಹಿಂದ ಡೊಳ್ಳಿನವ್ರು ರೆಕಾರ್ಡಿಂಗಿಗೆ ಬಂದು ಹೋದ್ರಲ್ಲ, ಆ ದಿನನೂ?”

“ಅವತ್ತು ಇನ್ನೂ ಕಡಿಮೆ. ಜೋರು ಸದ್ದು ತಗ್ಗಿಸುವ ಸ್ವಿಚ್ಚನ್ನೂ ಹಾಕಿದ್ದೆ, ತೆಗೀಲಿಕ್ಕೆ ಮರ್ತಿದ್ದೆ... ಯಾಕೆ? ಎಂತ ಹೇಳಿದ್ದಿ ನೀನು?”

ಅವನು ತಲೆ ತಗ್ಗಿಸಿದ.

“ಮುಖಾ ನೋಡಿ ಕೇಳಾಕ ಧೈರ್ಯ ಇರಲಿಲ್ಲ. ಗಾಜಿಗೆ ಬೆನ್ನು ಮಾಡಿ, ಮೈಕಿನ ಹಿಂದ ನಿಂತು, ನನ್ನ ಲಗ್ನ ಆಗ್ತೀಯೇನು ಅಂತ ಕೇಳಿದ್ದೆ. ತಿರುಗಿ ನೋಡಿದ್ರ ನೀ ಹೆಡ್‌ಫೋನ್ ಹಾಕ್ಕೊಂಡು ಸುಮ್ನ ಕುಂತಿದ್ದಿ.”

ಪ್ರಣೀತಾಳ ಕಣ್ಣು ತುಂಬಿತು. *ದೇವರೇ... ಒಲ್ಲೆನೆಂದವಳು ನಾನೆಂದು ಇವನು, ಬಿಟ್ಟುಹೋದವನು ಇವನೆಂದು ನಾನು!*

“ಒಂದು ಫೋನ್ ಮಾಡ್ಲಿಕ್ಕೆ ಎಂತ ಆಗಿತ್ತು ನಿನಗೆ?”

“ಒಲ್ಲೆ ಅಂದಾಕಿಗೆ ಏನಂತ ಮಾಡ್ಲಿ?”

“ಮದುವೆ...?”

“ಆಗಿಲ್ಲ. ನಿಂದು?”

“ಆಗಿದ್ರೆ ಹೀಗೆ ಅಳ್ತಿದ್ನಾ!”

ಅವಳು ಹೆಡ್‌ಫೋನ್ ಕಳಚಿ ಒಳಗೆ ಬಂದಳು. ಸ್ವಿಚ್ಚನ್ನು ಎಂಟರ ಆಕಾರದ ಗುರುತಿಗೆ ಸರಿಸಿ, ಮೈಕಿನ ಆಚೆ ಬದಿಯಲ್ಲಿ ಅವನಿಗೆ ಎದುರಾಗಿ ನಿಂತಳು.

“ಈಗ ಎರಡೂ ಬದಿಯ ಮಾತು ಹಿಡೀತದೆ. ಕೇಳು.”

“ಪ್ರಣೀತಾ... ನನ್ನ ಲಗ್ನ ಆಗ್ತೀಯೇನು?”

“ಆಗ್ತೇನೆ. ಆದ್ರೆ ಇನ್ನು ನಾನು ಉತ್ತರ ಕೊಡದಿದ್ರೆ ಓಡಿಹೋಗೂದಲ್ಲ. ಇನ್ನೊಮ್ಮೆ ಕೇಳ್ಬೇಕು, ಆಯ್ತಾ?”

ಅವನು ಕಣ್ಣೊರೆಸಿಕೊಂಡು ನಕ್ಕ.

“ಎಷ್ಟು ಸಲ?”

“ನನಗೆ ಕೇಳಿಸುವ ತನಕ.”